ತೇಪೆ ಹಾಕಿದ ಚೀಲ

ಅಮೆರಿಕದ ಕ್ಯಾಂಟನ್ ಪಟ್ಟಣದ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್ ಆಸ್ತಮಾ ಪೀಡಿತರು. ಜಮಖಾನೆಯ ಧೂಳನ್ನು ತಾಳಲಾರದೆ 1907ರಲ್ಲಿ ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲಗಳನ್ನು ಜೋಡಿಸಿ ವಿದ್ಯುತ್ ವ್ಯಾಕ್ಯೂಮ್ ಕ್ಲೀನರ್ ಒಂದನ್ನು ತಯಾರಿಸಿದರು. 1908ರಲ್ಲಿ ಪೇಟೆಂಟ್ ದೊರೆಯಿತು. ಲೋಕಕ್ಕೆ ಉಳಿದದ್ದು ಮಾತ್ರ ಅದನ್ನು ಕೊಂಡ ಹೂವರ್ ಮನೆತನದ ಹೆಸರು.

ಅಂತಹ ಹಳೆಯ ಯಂತ್ರಗಳನ್ನು ಹಳೆಸಾಮಾನಿನ ಸಂತೆಗಳಲ್ಲಿ, ಮನೆ ಹರಾಜುಗಳಲ್ಲಿ ಅರಸಿ ಸಂಗ್ರಹಿಸುವವರು ಇಂದು ಅಲ್ಲಿದ್ದಾರೆ. ಇದು ಹುಚ್ಚೆಂದು ನಗುವವರೊಡನೆ ನಾವು ದನಿಗೂಡಿಸೆವು. ಆದರೆ ಹೊಸ ಬಣ್ಣ ಬಳಿದು, ತೇಪೆ ಹಾಕಿದ ಬಟ್ಟೆಚೀಲವನ್ನು ಎಸೆದು, ಯಂತ್ರವನ್ನು ಮಿರುಗಿಸುವುದು ನಮಗೆ ಸಮ್ಮತವಲ್ಲ. ಜೀರ್ಣವಾದ ರಬ್ಬರ್ ಹೊದಿಕೆಯ ತಂತಿಯನ್ನು ಬದಲಿಸಲೇಬೇಕು, ಅದು ಪ್ರಾಣದ ಪ್ರಶ್ನೆ. ಚೀಲದ ತೇಪೆಯಾದರೋ ಯಾವುದೋ ಮನೆಯಾಕೆಯ ಸೂಜಿಯ ಕೆಲಸ. ಆ ಯಂತ್ರದಲ್ಲಿ ಆಕೆಯ ಗುರುತಾಗಿ ಉಳಿದಿರುವುದು ಅದೊಂದೇ.