ಮನಸ್ಸಿಗೆ ಹುಷಾರಿಲ್ಲ ಅಂದ್ರೆ ಯಾರ ಹತ್ರ ಹೋಗೋದು?

ಕನ್ನಡದಲ್ಲಿ ಮನೋವೈದ್ಯ ಅನ್ನೋ ಪದ ಇದೆ, ಮನಶ್ಶಾಸ್ತ್ರಜ್ಞ ಅನ್ನೋ ಪದ ಇದೆ, ಆಪ್ತಸಮಾಲೋಚಕ ಅನ್ನೋದೂ ಇದೆ. ಮೂರೂ ಬೇರೆ ಬೇರೆ ಕೆಲಸ ಮಾಡುವವರ ಹೆಸರುಗಳು. ಆದರೆ ಮಾತಿಗೆ ಬಂದಾಗ ಈ ಮೂವರೂ ಒಬ್ಬರೇ ಆಗಿಬಿಡ್ತಾರೆ. ಊರಲ್ಲಿ ಹಿರಿಯರಿಗೆ ಎಲ್ಲರೂ ‘ತಲೆ ಡಾಕ್ಟ್ರು’. ಆಫೀಸಿನಲ್ಲಿ ನಮಗೆಲ್ಲ ‘ಥೆರಪಿಸ್ಟ್’. ಇನ್ನು ಹಾಸ್ಟೆಲ್ ದಿನಗಳ ತಮಾಷೆ ನಿಮಗೂ ನೆನಪಿರಬಹುದು. ಬೆಂಗಳೂರು ಕಡೆಯವರಾದರೆ ‘ನಿನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣೋ’, ಹುಬ್ಬಳ್ಳಿ ಕಡೆಯವರಾದರೆ ‘ಧಾರವಾಡಕ್ಕ ಕಳಿಸ್ಬೇಕಲೇ ನಿನ್ನ’.

ತಮಾಷೆ ಇರಲಿ. ನಿಜವಾಗಿ ಹೋಗಬೇಕಾದ ದಿನ ಬಂದಾಗ ಎಲ್ಲಿಗೆ ಹೋಗೋದು ಅಂತ ಗೊತ್ತಿರೋದಿಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇಕಡಾ 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಖಿನ್ನತೆ ಇದ್ದವರಲ್ಲಿ 100ಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇದಕ್ಕೆ ನಾಚಿಕೆ, ದುಡ್ಡು, ದೂರ ಅಂತ ಕಾರಣ ಹಲವು. ಯಾರ ಹತ್ರ ಹೋಗಬೇಕು ಅಂತ ತಿಳಿಯದಿರುವುದೂ ಅದರಲ್ಲೊಂದು. ಉಳಿದವನ್ನು ಒಂದು ಅಂಕಣದಲ್ಲಿ ಬಗೆಹರಿಸೋಕೆ ನನ್ನಿಂದ ಆಗಲ್ಲ, ಇದೊಂದನ್ನು ಪ್ರಯತ್ನಿಸಬಹುದು.

ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್

ಇವರು ಮೊದಲು ಡಾಕ್ಟರು, ಆಮೇಲೆ ಮನಸ್ಸಿನ ತಜ್ಞರು. ಎಂಬಿಬಿಎಸ್ ಮುಗಿಸಿ, ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿಎನ್‌ಬಿ ಅಥವಾ ಡಿಪಿಎಂ ಮಾಡಿರ್ತಾರೆ. ಆಸ್ಪತ್ರೆ ಬೋರ್ಡಿನಲ್ಲಿ ‘ಮನೋರೋಗ ತಜ್ಞರು’ ಅಂತ ಇರುತ್ತೆ. ಕಾಯಿಲೆ ಯಾವುದು ಅಂತ ನಿರ್ಧರಿಸೋದು, ಮಾತ್ರೆ ಬರೆಯೋದು, ಅಗತ್ಯ ಬಿದ್ದರೆ ಆಸ್ಪತ್ರೆಗೆ ದಾಖಲು ಮಾಡಿಕೊಳ್ಳೋದು ಇವರ ಕೆಲಸ.

ಡಾಕ್ಟರ್ ಆಗಿರುವುದರಿಂದ ಇವರು ದೇಹವನ್ನೂ ನೋಡ್ತಾರೆ. ಸದಾ ಸುಸ್ತು, ಯಾವುದರಲ್ಲೂ ಮನಸ್ಸಿಲ್ಲ, ತೂಕ ಏರುತ್ತಿದೆ ಅನ್ನೋದು ಖಿನ್ನತೆಯೂ ಇರಬಹುದು, ಥೈರಾಯ್ಡ್ ಕಡಿಮೆಯಾಗಿಯೂ ಇರಬಹುದು. ಬಿ12 ಕೊರತೆಯಲ್ಲೂ ಹೀಗಾಗುತ್ತೆ. ಹಾಗಾಗಿ ಮೊದಲ ಭೇಟಿಯಲ್ಲೇ ರಕ್ತಪರೀಕ್ಷೆಗೆ ಬರೆದುಕೊಟ್ಟರೆ ‘ಮನಸ್ಸಿಗೆ ಹುಷಾರಿಲ್ಲ ಅಂದ್ರೆ ರಕ್ತ ಯಾಕೆ ಕೇಳ್ತಾರೆ?’ ಅಂತ ಗಾಬರಿ ಬೇಡ.

ಮನೆಯವರ ದೊಡ್ಡ ಭಯ ಒಂದೇ: ‘ಮಾತ್ರೆ ಶುರು ಮಾಡಿದ್ರೆ ಜೀವನಪೂರ್ತಿ ತಗೋಬೇಕು, ಅಭ್ಯಾಸ ಆಗಿಬಿಡುತ್ತೆ.’ ಅಲ್‌ಪ್ರಜೋಲಾಮ್ ಥರದ, ಆತಂಕಕ್ಕೆ ಮತ್ತು ನಿದ್ದೆಗೆ ಕೊಡುವ ಕೆಲವು ಮಾತ್ರೆಗಳು ಅಭ್ಯಾಸ ಆಗುವಂಥವು ನಿಜ, ಅದಕ್ಕೇ ಅವನ್ನು ಸಾಮಾನ್ಯವಾಗಿ ಕೆಲವೇ ದಿನಕ್ಕೆ ಬರೆಯುತ್ತಾರೆ. ಖಿನ್ನತೆಗೆ ಈಗ ಹೆಚ್ಚಾಗಿ ಕೊಡುವ ಮಾತ್ರೆಗಳು ಆ ಜಾತಿಯವಲ್ಲ. ಅವು ಕೆಲಸ ಶುರು ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು. ಮೂರನೇ ದಿನಕ್ಕೇ ‘ಏನೂ ಆಗ್ಲಿಲ್ಲ’ ಅಂತ ಬಿಡಬಾರದು. ಆರಾಮಾಯ್ತು ಅಂತ ನಮ್ಮಷ್ಟಕ್ಕೆ ನಾವೇ ಒಮ್ಮೆಗೇ ನಿಲ್ಲಿಸಲೂಬಾರದು. ನಿಲ್ಲಿಸೋದೂ ಅವರ ಸಲಹೆಯ ಮೇಲೇ, ನಿಧಾನವಾಗಿ.

ಇಲ್ಲೇ ಇನ್ನೊಂದು ಗೊಂದಲ ಬಿಡಿಸಿಬಿಡ್ತೀನಿ. ‘ನರದ ಡಾಕ್ಟರ್’ ಅಂದರೆ ನ್ಯೂರಾಲಜಿಸ್ಟ್. ಫಿಟ್ಸ್, ಪಾರ್ಶ್ವವಾಯು, ಪಾರ್ಕಿನ್ಸನ್ ಇವರ ವಿಭಾಗ. ನಿಮ್ಹಾನ್ಸ್‌ನ ಹೆಸರಿನಲ್ಲೇ ಮಾನಸಿಕ ಆರೋಗ್ಯವೂ ಇದೆ, ನರವಿಜ್ಞಾನವೂ ಇದೆ. ಅಲ್ಲಿಗೆ ಹೋಗಿಬಂದವರೆಲ್ಲ ಮನಸ್ಸಿನ ಕಾಯಿಲೆಗೇ ಹೋಗಿದ್ದಲ್ಲ. ಹೋಗಿದ್ದರೂ ಅದರಲ್ಲಿ ನಗುವಂಥದ್ದೇನಿಲ್ಲ.

ಕ್ಲಿನಿಕಲ್ ಸೈಕಾಲಜಿಸ್ಟ್

ಇವರು ಎಂಬಿಬಿಎಸ್ ಅಲ್ಲ, ಮನಶ್ಶಾಸ್ತ್ರ ಓದಿದವರು. ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೆ ಎರಡು ವರ್ಷದ ಎಂ.ಫಿಲ್. ತರಬೇತಿಯನ್ನು ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ಮಾಡಿರುವವರೇ ಇವರಲ್ಲಿ ಹೆಚ್ಚು. ನಮ್ಮ ದೇಶದಲ್ಲಿ ಇವರು ಮಾತ್ರೆ ಬರೆಯುವಂತಿಲ್ಲ. ಪಿಎಚ್‌.ಡಿ. ಮಾಡಿದವರ ಹೆಸರಿನ ಹಿಂದೆ ‘ಡಾ.’ ಇರುತ್ತೆ, ಆಗಲೂ ಬರೆಯುವಂತಿಲ್ಲ.

ಇವರದು ಎರಡು ದೊಡ್ಡ ಕೆಲಸ. ಒಂದು, ಪರೀಕ್ಷೆಗಳು: ಬುದ್ಧಿಮಟ್ಟ, ನೆನಪು, ಗಮನ, ವ್ಯಕ್ತಿತ್ವ, ಕಲಿಕೆಯ ತೊಂದರೆ ಇತ್ಯಾದಿ. ಇನ್ನೊಂದು, ಸೈಕೋಥೆರಪಿ. ಸಿಬಿಟಿ ಅಂತ ನೀವು ಕೇಳಿರ್ತೀರಿ. ತಲೆಗೆ ಬರುವ ಯೋಚನೆ, ಅದರಿಂದ ಹುಟ್ಟುವ ಭಾವನೆ, ಅದಕ್ಕೆ ನಾವು ಮಾಡುವ ಕೆಲಸ, ಈ ಮೂರರ ಗಂಟನ್ನು ಒಂದೊಂದಾಗಿ ಬಿಡಿಸುವ ಪದ್ಧತಿ ಅದು. ಸಾಮಾನ್ಯವಾಗಿ ವಾರಕ್ಕೊಂದು ಸಲ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಹಲವು ವಾರ. ಹೋಮ್‌ವರ್ಕ್ ಕೂಡ ಇರುತ್ತೆ!

ಶಿವಮೊಗ್ಗದಲ್ಲಿರುವ ನಮ್ಮ ಅಕ್ಕನ ಮಗ ಮೂರನೇ ಕ್ಲಾಸಿನಲ್ಲಿದ್ದಾಗ ಓದೋಕೆ ಕೂತರೆ ಅಳ್ತಿದ್ದ. ಮಾತಿನಲ್ಲಿ ಚುರುಕು, ಪುಸ್ತಕ ತೆರೆದರೆ ಅಕ್ಷರ ಹಿಂದುಮುಂದು. ಶಾಲೆಯಲ್ಲಿ ‘ಸೋಮಾರಿ’ ಅಂದರು, ಮನೆಯಲ್ಲಿ ‘ಮೊಬೈಲ್ ಜಾಸ್ತಿ ಆಯ್ತು’ ಅಂದರು. ಕೊನೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಎರಡು ದಿನ ಪರೀಕ್ಷೆ ಮಾಡಿ, ಇದು ಡಿಸ್‌ಲೆಕ್ಸಿಯಾ ಅಂತ ಹೇಳಿದರು. ಮಾತ್ರೆ ಏನೂ ಇಲ್ಲ. ಬೇರೆ ರೀತಿಯ ಪಾಠ, ಪರೀಕ್ಷೆಗೆ ಸ್ವಲ್ಪ ಹೆಚ್ಚು ಸಮಯ, ಅಷ್ಟೇ. ಆ ವರದಿ ಕೈಗೆ ಬಂದ ದಿನ ಅಕ್ಕ ನನಗೆ ಫೋನ್ ಮಾಡಿ, ‘ನನ್ನ ಮಗ ದಡ್ಡ ಅಲ್ವಂತೆ ಕಣೋ’ ಅಂದಳು. ಎರಡು ವರ್ಷದಿಂದ ಅವಳಿಗೆ ಬೇಕಾಗಿದ್ದು ಆ ಒಂದು ಮಾತು.

ಕೌನ್ಸೆಲರ್, ಅಂದರೆ ಆಪ್ತಸಮಾಲೋಚಕರು

ಸಾವು, ವಿಚ್ಛೇದನ, ಕೆಲಸ ಹೋಗೋದು, ಮದುವೆ ಒತ್ತಡ, ಮ್ಯಾನೇಜರ್ ಕಾಟ, ಅಂದರೆ ಬದುಕಿನಲ್ಲಿ ಬರುವ ಕಷ್ಟಗಳ ಎದುರು ನಿಲ್ಲೋಕೆ ಸಹಾಯ ಮಾಡುವವರು ಇವರು. ನಮ್ಮಲ್ಲಿ ತುಂಬ ಕಂಪನಿಗಳಲ್ಲಿ ಇಎಪಿ ಅಂತ ಉದ್ಯೋಗಿಗಳಿಗೆ ಉಚಿತ ಸೆಷನ್‌ಗಳಿರುತ್ತವಲ್ಲ, ಅಲ್ಲಿ ಸಾಮಾನ್ಯವಾಗಿ ಸಿಗುವವರು ಇವರೇ. ಎಚ್‌ಆರ್‌ಗೆ ಏನು ಗೊತ್ತಾಗುತ್ತೆ, ಏನು ಗೊತ್ತಾಗಲ್ಲ ಅಂತ ಮೊದಲ ಸೆಷನ್‌ನಲ್ಲೇ ಕೇಳಿಬಿಡಿ. ಕೇಳೋದು ತಪ್ಪಲ್ಲ.

ಅಪ್ಪ ತೀರಿಕೊಂಡ ವರ್ಷ ನಾನು ಹೋಗಿದ್ದು ಕೌನ್ಸೆಲರ್ ಹತ್ರ. ಆರು ಸೆಷನ್. ಅವರು ಉಪದೇಶ ಮಾಡಲಿಲ್ಲ, ‘ಕಾಲವೇ ಎಲ್ಲ ಮರೆಸುತ್ತೆ’ ಅನ್ನಲಿಲ್ಲ. ಅಪ್ಪನ ಬಗ್ಗೆ ಮನೆಯಲ್ಲಿ ಯಾರ ಎದುರೂ ಆಡಲಾಗದ ಮಾತುಗಳಿಗೆ ಅಲ್ಲಿ ಜಾಗ ಇತ್ತು. ಮೂರನೇ ಸಲ ಹೋದಾಗ ನಿದ್ದೆ, ಊಟದ ಬಗ್ಗೆ ವಿವರವಾಗಿ ಕೇಳಿ, ‘ಇನ್ನೆರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಸೈಕಿಯಾಟ್ರಿಸ್ಟ್‌ಗೆ ಕಳಿಸ್ತೀನಿ’ ಅಂದರು. ಅದರ ಅಗತ್ಯ ಬೀಳಲಿಲ್ಲ. ಆದರೆ ಆ ಮಾತಿನಿಂದಲೇ ಅವರ ಮೇಲೆ ನನಗೆ ನಂಬಿಕೆ ಬಂತು. ತನ್ನ ಕೆಲಸ ಎಲ್ಲಿಗೆ ಮುಗಿಯುತ್ತೆ ಅಂತ ಗೊತ್ತಿರುವವರೇ ಒಳ್ಳೆಯ ಕೌನ್ಸೆಲರ್.

ಅದು ಗೊತ್ತಿಲ್ಲದವರ ಕೈಗೆ ಸಿಕ್ಕರೆ? ನನ್ನ ಹಳೆ ಟೀಮಿನ ಗೆಳೆಯನೊಬ್ಬ ಆನ್‌ಲೈನ್‌ನಲ್ಲಿ ಸಿಕ್ಕ ‘ಲೈಫ್ ಕೋಚ್’ ಒಬ್ಬರಿಗೆ ಎಂಟು ತಿಂಗಳು ದುಡ್ಡು ಕಟ್ಟಿದ. ಮೊದಲು ತಿಂಗಳುಗಟ್ಟಲೆ ಮಂಕು. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಉತ್ಸಾಹ. ರಾತ್ರಿ ಮೂರೇ ಗಂಟೆ ನಿದ್ದೆ, ಒಂದೇ ವಾರದಲ್ಲಿ ಮೂರು ಸ್ಟಾರ್ಟಪ್ ಐಡಿಯಾ, ಕ್ರೆಡಿಟ್ ಕಾರ್ಡ್ ಪೂರ್ತಿ ಖಾಲಿ. ಕೋಚ್ ಅದನ್ನು ‘ಎನರ್ಜಿ ಓಪನ್ ಆಗಿದೆ’ ಅಂತ ಹೊಗಳಿದರು. ಅವನ ತಂಗಿ ಹೆದರಿ ಸೈಕಿಯಾಟ್ರಿಸ್ಟ್ ಹತ್ರ ಕರ್ಕೊಂಡು ಹೋದಳು. ಬೈಪೋಲಾರ್ ಕಾಯಿಲೆ ಅಂತ ತಿಳಿಯಿತು. ಈಗ ಮಾತ್ರೆ ತಗೋತಾನೆ, ಕೆಲಸಕ್ಕೆ ಹೋಗ್ತಾನೆ, ನಮ್ಮ ಜೊತೆ ಕ್ರಿಕೆಟ್ ಆಡ್ತಾನೆ. ಕಾರ್ಡಿನ ಸಾಲ ಮಾತ್ರ ಇನ್ನೂ ತೀರಿಲ್ಲ.

ನಮಗೆ ಕಾಣದ ಇನ್ನಿಬ್ಬರು

ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಅಂತ ಒಬ್ಬರು ಇರ್ತಾರೆ. ರೋಗಿ ಮನೆಗೆ ವಾಪಸ್ ಹೋದ ಮೇಲೆ ಏನು ಅನ್ನೋ ಪ್ರಶ್ನೆ ಇವರದ್ದು. ಮನೆಯವರ ಜೊತೆ ಕೂತು ಮಾತಾಡೋದು, ಕೆಲಸಕ್ಕೆ ಮರಳೋಕೆ ಸಹಾಯ, ಸರ್ಕಾರಿ ಸೌಲಭ್ಯಗಳ ದಾರಿ ತೋರಿಸೋದು. ಮಾನಸಿಕ ಕಾಯಿಲೆಯಿಂದ ಬದುಕು ನಡೆಸೋದೇ ಕಷ್ಟವಾದವರಿಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರ ಸಿಗಬಹುದು ಅನ್ನೋದು ಎಷ್ಟೋ ಕುಟುಂಬಗಳಿಗೆ ಗೊತ್ತಾಗೋದೇ ಇವರಿಂದ. ಇನ್ನೊಬ್ಬರು ಈ ವಿಭಾಗದಲ್ಲೇ ತರಬೇತಿ ಪಡೆದ ನರ್ಸ್. ವಾರ್ಡಿನಲ್ಲಿ ಹಗಲೂರಾತ್ರಿ ರೋಗಿಯ ಜೊತೆ ಇರುವವರು, ಬದಲಾವಣೆಯನ್ನು ಎಲ್ಲರಿಗಿಂತ ಮೊದಲು ಗಮನಿಸುವವರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಈ ಇಬ್ಬರನ್ನೂ ಮಾನಸಿಕ ಆರೋಗ್ಯ ವೃತ್ತಿಪರರ ಸಾಲಿನಲ್ಲೇ ಸೇರಿಸಿದೆ.

ಸರಿ, ಮೊದಲು ಯಾರ ಹತ್ರ?

ನಮ್ಮ ಕೆಲಸದ ಭಾಷೆಯಲ್ಲೇ ಹೇಳೋದಾದರೆ, ಸರ್ವರ್ ಬಿದ್ದಾಗ ತಪ್ಪು ಡೇಟಾಬೇಸ್‌ನದೋ ನೆಟ್‌ವರ್ಕಿನದೋ ಅಂತ ಬಳಕೆದಾರ ಕಂಡುಹಿಡಿಯಬೇಕಿಲ್ಲ. ಟಿಕೆಟ್ ಹಾಕಿದರೆ ಸಾಕು, ಸರಿಯಾದ ಟೀಮಿಗೆ ಅದು ಹೋಗುತ್ತೆ. ಇಲ್ಲೂ ಹಾಗೆಯೇ. ಆದರೂ ಒಂದು ಅಂದಾಜು ಇಟ್ಕೊಳ್ಳಿ:

• ನಿದ್ದೆ, ಊಟ, ಕೆಲಸ ಎರಡು ವಾರ ದಾಟಿದರೂ ಹದಗೆಟ್ಟೇ ಇದ್ದರೆ, ಇಲ್ಲದ ದನಿ ಕೇಳಿಸಿದರೆ, ಅತಿಯಾದ ಅನುಮಾನ ಅಥವಾ ಅತಿಯಾದ ಉತ್ಸಾಹ ಕಂಡರೆ, ಕುಡಿತ ಬಿಡಲಾಗದಿದ್ದರೆ: ಸೈಕಿಯಾಟ್ರಿಸ್ಟ್.

• ಅದೇ ಭಯ, ಅದೇ ಯೋಚನೆ ಮತ್ತೆ ಮತ್ತೆ ಕಾಡಿದರೆ, ಅಥವಾ ಪರೀಕ್ಷೆಗಳು ಬೇಕಿದ್ದರೆ: ಕ್ಲಿನಿಕಲ್ ಸೈಕಾಲಜಿಸ್ಟ್.

• ದಿನ ನಡೀತಿದೆ, ಆದರೆ ಒಂದು ಕಷ್ಟ ಎದೆ ಮೇಲೆ ಕೂತಿದೆ ಅನ್ನಿಸಿದರೆ: ಕೌನ್ಸೆಲರ್.

• ಏನೂ ಗೊತ್ತಾಗ್ತಿಲ್ಲ ಅಂದರೆ: ನಿಮ್ಮ ಮಾಮೂಲಿ ಡಾಕ್ಟರ್, ಅಥವಾ ಟೆಲಿ ಮಾನಸ್‌ನ 14416.

ಈ 14416 ಅನ್ನು ಈಗಲೇ ಫೋನಿನಲ್ಲಿ ಸೇವ್ ಮಾಡ್ಕೊಳ್ಳಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸಹಾಯವಾಣಿ ಇದು. ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮೊದಲು ಕೌನ್ಸೆಲರ್ ಕೇಳಿಸಿಕೊಳ್ತಾರೆ, ಬೇಕಿದ್ದರೆ ತಜ್ಞರಿಗೆ ದಾಟಿಸ್ತಾರೆ. ಸಾಯಬೇಕು ಅನ್ನೋ ಯೋಚನೆ ಬರ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಒಬ್ಬರೇ ಇರದೆ ಹತ್ತಿರದ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಪೊಲೀಸ್ ಕೇಸ್ ಆಗುತ್ತೆ ಅಂತ ಮನೆಯವರು ಮುಚ್ಚಿಡೋದುಂಟು. 2017ರ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಿ, ಅವರಿಗೆ ಆರೈಕೆ ಕೊಡಬೇಕು ಅನ್ನುತ್ತೆ, ಶಿಕ್ಷೆಯನ್ನಲ್ಲ.

ಊರಲ್ಲಿರುವ ಅಪ್ಪ ಅಮ್ಮನಿಗೆ ಬೆಂಗಳೂರೇ ಗತಿ ಅಂತೇನಿಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತೆ. ಇಡೀ ದೇಶಕ್ಕೆ ಆ ಕಾರ್ಯಕ್ರಮದ ಮಾದರಿ ಸಿಕ್ಕಿದ್ದೇ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗದಿಂದ. ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲೂ ಮನೋವೈದ್ಯರು ನೋಡ್ತಾರೆ. ಹೊರಡುವ ಮೊದಲು ಆಸ್ಪತ್ರೆಗೆ ಒಂದು ಫೋನ್ ಮಾಡಿದರಾಯ್ತು.

ದುಡ್ಡು ಕಟ್ಟುವ ಮೊದಲು ಕೇಳಿ

ಸೈಕಿಯಾಟ್ರಿಸ್ಟ್‌ಗೆ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಇರುತ್ತೆ, ಚೀಟಿಯ ಮೇಲೆ ನೋಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಕೌನ್ಸೆಲರ್ ಆದರೆ ಏನು ಓದಿದ್ದೀರಿ, ಯಾರ ಕೈಕೆಳಗೆ ತರಬೇತಿ, ನಿಮ್ಮಿಂದ ಆಗದಿದ್ದರೆ ಯಾರ ಹತ್ರ ಕಳಿಸ್ತೀರಿ ಅಂತ ಮೂರು ಪ್ರಶ್ನೆ ಕೇಳಿ. ಒಳ್ಳೆಯವರು ಬೇಜಾರು ಮಾಡ್ಕೊಳ್ಳಲ್ಲ. ‘ನನ್ನಿಂದ ಆಗದ್ದೇ ಇಲ್ಲ, ಮಾತ್ರೆ ಎಲ್ಲ ಬಿಟ್ಟುಬಿಡಿ’ ಅನ್ನುವವರು ಸಿಕ್ಕರೆ ಚಪ್ಪಲಿ ಹಾಕ್ಕೊಂಡು ಹೊರಡಿ. ವಿಮೆ ಇದ್ದರೆ ಪಾಲಿಸಿಯನ್ನೂ ಒಮ್ಮೆ ತೆರೆದು ನೋಡಿ. ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತ ಅದೇ 2017ರ ಕಾಯ್ದೆ ಹೇಳುತ್ತೆ.

ಕೊನೆಯದಾಗಿ ಒಂದು ಮಾತು. ಕಾಲು ಮುರಿದವರಿಗೆ ‘ನೀನೇ ಒಳ್ಳೆ ಮೂಳೆ ಡಾಕ್ಟರನ್ನ ಹುಡುಕ್ಕೋ’ ಅಂತ ನಾವು ಹೇಳಲ್ಲ, ಆಟೋ ಕರೀತೀವಿ. ಮನಸ್ಸು ಮುರಿದವರಿಗೆ ಮಾತ್ರ ‘ಯಾರಾದ್ರೂ ಥೆರಪಿಸ್ಟ್ ಹತ್ರ ಹೋಗು’ ಅಂತ ಮೆಸೇಜ್ ಹಾಕಿ ಸುಮ್ಮನಾಗ್ತೀವಿ. ಹುಡುಕೋಕೆ, ಫೋನ್ ಮಾಡೋಕೆ, ವಿಚಾರಿಸೋಕೆ ಬೇಕಾದ ಶಕ್ತಿಯನ್ನೇ ಆ ಕಾಯಿಲೆ ಮೊದಲು ಕಿತ್ತುಕೊಂಡಿರುತ್ತೆ. ಹಾಗಾಗಿ ಯಾರು ಏನು ಮಾಡ್ತಾರೆ ಅಂತ ಹುಷಾರಾಗಿರುವ ನಾವು ತಿಳಿದಿಟ್ಟುಕೊಳ್ಳೋಣ. ನಿಮ್ಮ ಗೆಳೆಯರಲ್ಲಿ ಯಾರೋ ಒಬ್ಬರು ಕೆಲವು ದಿನಗಳಿಂದ ಗ್ರೂಪಿನಲ್ಲಿ ಮಾತಾಡ್ತಿಲ್ಲ ಅನ್ನಿಸಿದರೆ ಅವರಿಗೆ ಫೋನ್ ಮಾಡಿ, ಅಪಾಯಿಂಟ್‌ಮೆಂಟ್ ನೀವೇ ತಗೊಳ್ಳಿ. ಆ ದಿನ ಅರ್ಧ ದಿನ ರಜೆ ಹಾಕಿ, ಜೊತೆಗೆ ಹೋಗಿ ಹೊರಗಿನ ಕುರ್ಚಿಯಲ್ಲಿ ಕೂತಿರಿ.