ಸಸ್ಯಸಾರ, ಕ್ಯಾನ್ಸರ್ ಮತ್ತು ಲೇಬಲ್ಲಿನ ಮಾತು

ಪ್ರಯೋಗಾಲಯದ ತಟ್ಟೆಯೊಂದರಲ್ಲಿ ಕ್ಯಾನ್ಸರ್ ಕೋಶಗಳನ್ನು ತೆಳುಪದರವಾಗಿ ಬೆಳೆಸಿ, ಅದರ ನಡುವೆ ಒಂದು ಗೀರು ಎಳೆಯುತ್ತಾರೆ. ಒಂದೆರಡು ದಿನಗಳಲ್ಲಿ ಕೋಶಗಳು ಎರಡೂ ಬದಿಯಿಂದ ಸರಿದು ಬಂದು ಆ ತೆರಪನ್ನು ತುಂಬುತ್ತವೆ. ಅರಿಸಿನದ್ದೋ ಅಶ್ವಗಂಧದ್ದೋ ಸಾರವನ್ನು ಬೆರೆಸಿದಾಗ ತೆರಪು ತುಂಬುವುದು ತಡವಾದರೆ, ಸಾರವು ಕೋಶಗಳ ಚಲನೆಯನ್ನು ತಡೆಯಿತೆಂದು ವರದಿಯಾಗುತ್ತದೆ. ಇಂತಹ ಒಂದು ವರದಿಯ ಪ್ರತಿಯನ್ನು ಆಧಾರವಾಗಿಟ್ಟುಕೊಂಡು 'ಕ್ಯಾನ್ಸರ್ ಹರಡುವುದನ್ನು ತಡೆಯುತ್ತದೆ' ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸುವ ತಯಾರಕರೂ, ಅದನ್ನು ಮಾರುವ ವರ್ತಕರೂ ಎಂತಹ ಹೊಣೆಯನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಾರೆ ಎಂಬುದನ್ನು ಯೋಚಿಸಬೇಕಾಗಿದೆ.

ವರದಿ ಸುಳ್ಳೆಂದಲ್ಲ. ಆದರೆ ತಟ್ಟೆಯಲ್ಲಿ ಬಳಸಿದ ಪ್ರಮಾಣವು ಬಾಯಿಯ ಮೂಲಕ ಸೇವಿಸಿದಾಗ ರಕ್ತವನ್ನು ತಲುಪುವುದೇ ಅಪರೂಪ. ಅರಿಸಿನದ ಕರ್ಕ್ಯುಮಿನ್ ಇದಕ್ಕೆ ತಕ್ಕ ನಿದರ್ಶನ. ಅದು ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. 120ಕ್ಕೂ ಹೆಚ್ಚು ಕ್ಲಿನಿಕಲ್ ಪರೀಕ್ಷೆಗಳು ನಡೆದಿದ್ದರೂ ಕಟ್ಟುನಿಟ್ಟಾದ ಹೋಲಿಕೆಯ ಪರೀಕ್ಷೆಯಲ್ಲಿ ಅದು ಗೆದ್ದದ್ದಿಲ್ಲವೆಂದು 2017ರಲ್ಲಿ ಪ್ರಕಟವಾದ ಔಷಧ ರಸಾಯನಶಾಸ್ತ್ರದ ವಿಮರ್ಶೆಯೊಂದು ಹೇಳಿತು.

ಹಾಗೆಂದು ಸಸ್ಯಗಳಿಂದ ಕ್ಯಾನ್ಸರಿಗೆ ಮದ್ದು ದೊರೆತಿಲ್ಲವೆಂದೂ ಅಲ್ಲ. ಮನೆಯಂಗಳದ ನಿತ್ಯಪುಷ್ಪದಿಂದ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ದೊರೆತವು. ಮೊದಲಿಗೆ ಆ ಎಲೆಯನ್ನು ಪರೀಕ್ಷಿಸಿದ್ದು ಮಧುಮೇಹಕ್ಕಾಗಿ! ಒಂದು ಗ್ರಾಂ ಔಷಧಕ್ಕೆ ನೂರಾರು ಕಿಲೋ ಒಣ ಎಲೆ ಬೇಕು. ಎಲೆಯ ಕಷಾಯ ಬೇರೆ, ಅದರಿಂದ ಬೇರ್ಪಡಿಸಿ ಅಳೆದು ರಕ್ತನಾಳಕ್ಕೆ ಕೊಡುವ ಔಷಧ ಬೇರೆ ಎಂಬುದನ್ನು ಈ ಒಂದು ಲೆಕ್ಕವೇ ತೋರಿಸುತ್ತದೆ.

ಕ್ಯಾಂಪ್ಟೊಥೆಸಿನ್‌ನ ಕಥೆ ಕನ್ನಡ ನಾಡಿಗೆ ಇನ್ನೂ ಹತ್ತಿರದ್ದು. 1966ರಲ್ಲಿ ಅಮೆರಿಕದಲ್ಲಿ ವಾಲ್ ಮತ್ತು ವಾನಿ ಅವರು ಚೀನಾ ಮೂಲದ ಮರವೊಂದರಲ್ಲಿ ಇದನ್ನು ಕಂಡರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅವರು ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿಯೂ ಅದಿರುವುದನ್ನು ವರದಿ ಮಾಡಿದರು. ರೋಗಿಗಳ ಮೇಲಿನ ಮೊದಲ ಪರೀಕ್ಷೆಗಳು ತೀವ್ರ ಅಡ್ಡಪರಿಣಾಮಗಳಿಂದ ನಿಂತುಹೋದವು. ಅದರ ರಚನೆಯನ್ನು ಮಾರ್ಪಡಿಸಿದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್‌ಗಳಿಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1996ರಲ್ಲಿ. ಮೂವತ್ತು ವರ್ಷಗಳ ಈ ದಾರಿಯನ್ನು ಡಬ್ಬಿಯ ಮೇಲಿನ ಒಂದು ಸಾಲು ಹಾರಿ ದಾಟಲಾರದು. ಇತ್ತ ಘಟ್ಟದ ಮರಗಳು ಚಕ್ಕೆಗಾಗಿ ಕಡಿದು ವಿರಳವಾದವು.

ಮೂಲಿಕೆಯಿಂದ ಹಾನಿಯಂತೂ ಇಲ್ಲವಲ್ಲ ಎಂಬ ಸಮಾಧಾನವೂ ಸಲ್ಲದು. ಐರೋಪ್ಯರು ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಇರಿನೊಟೆಕಾನ್ ಜೊತೆಗೆ ಸೇವಿಸಿದ ರೋಗಿಗಳ ರಕ್ತದಲ್ಲಿ ಔಷಧದ ಸಕ್ರಿಯ ರೂಪವು ಶೇ. 42ರಷ್ಟು ಕುಸಿದುದನ್ನು 2002ರ ಡಚ್ ಅಧ್ಯಯನವೊಂದು ತೋರಿಸಿತು. ರೋಗಿಯು ಚಿಕಿತ್ಸೆಯನ್ನೇ ಬಿಟ್ಟು ಕ್ಯಾಪ್ಸೂಲನ್ನು ನಂಬಿದರಂತೂ ಕಳೆದುಹೋದ ತಿಂಗಳುಗಳು ಮರಳಿ ಬಾರವು.

ಇನ್ನು ಕಾನೂನು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆಯ ಅನುಸೂಚಿಯಲ್ಲಿ ಕ್ಯಾನ್ಸರಿನ ಹೆಸರಿದೆ. ಜಾಹೀರಾತೆಂದರೆ ಪತ್ರಿಕೆಯಲ್ಲಿ ಬಂದದ್ದು ಮಾತ್ರವಲ್ಲ. ಸುತ್ತೋಲೆ, ಲೇಬಲ್, ಹೊದಿಕೆಯ ಕಾಗದ, ಬಾಯಿಮಾತಿನ ಘೋಷಣೆ ಎಲ್ಲವೂ ಸೇರುತ್ತವೆ. ಬೆಳಕು, ಧ್ವನಿ, ಹೊಗೆಯ ಮೂಲಕ ಸಾರಿದರೂ ಅದು ಜಾಹೀರಾತೇ ಎಂದು ಕಾಯಿದೆ ಬರೆದಿದೆ. ಪ್ರಕಟಣೆಯಲ್ಲಿ ಯಾವುದೇ ಪಾತ್ರ ವಹಿಸುವುದನ್ನು ನಿಷೇಧಿಸಿರುವುದರಿಂದ ಕರಪತ್ರ ಹಂಚುವ ವಿತರಕನೂ ಹೊರಗುಳಿಯನು. ಪಾಲುದಾರಿಕೆ ಸಂಸ್ಥೆಯಾದರೆ ವ್ಯವಹಾರ ನೋಡಿಕೊಳ್ಳುವ ಪಾಲುದಾರನೇ ಹೊಣೆ. 'ನಮ್ಮದು ಔಷಧವಲ್ಲ, ಆಹಾರ ಪೂರಕ' ಎಂದು ನುಣುಚಿಕೊಳ್ಳಲು ಹೋದರೆ, 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡವಿದೆ.

ಲೆಕ್ಕಪುಸ್ತಕದ ಕಡೆಯಿಂದಲೂ ನೋಡಬೇಕು. ಕಾನೂನು ಉಲ್ಲಂಘನೆಗೆ ತೆತ್ತ ದಂಡವನ್ನು ಆದಾಯ ತೆರಿಗೆಯಲ್ಲಿ ವ್ಯಾಪಾರದ ವೆಚ್ಚವೆಂದು ಕಳೆಯಲಾಗದು. ಹಿಂದಕ್ಕೆ ಪಡೆದು ನಾಶಪಡಿಸಿದ ಸರಕಿನ ಮೇಲೆ ಪಡೆದಿದ್ದ ಜಿ.ಎಸ್.ಟಿ. ಇನ್‌ಪುಟ್ ಕ್ರೆಡಿಟನ್ನೂ ಹಿಂತಿರುಗಿಸಬೇಕು. ಒಂದು ಸಾಲಿನ ಮುದ್ರಣಕ್ಕೆ ತೆರುವ ಈ ಬೆಲೆಯನ್ನು ಯಾವ ಮಾರಾಟ ಪ್ರತಿನಿಧಿಯೂ ಮೊದಲೇ ಹೇಳಿರುವುದಿಲ್ಲ.

ಬೆಂಗಳೂರಿನ ಸುತ್ತಮುತ್ತ ಸಸ್ಯಸಾರ ತೆಗೆಯುವ ಘಟಕಗಳು ಹಲವಿವೆ. ಚಾಮರಾಜನಗರದ ಹೊಲಗಳಲ್ಲಿ ಅರಿಸಿನವಿದೆ. ಈ ಉದ್ದಿಮೆಗೆ ಕ್ಯಾನ್ಸರಿನ ಹೆಸರಿನ ಅಗತ್ಯವೇ ಇಲ್ಲ. ಸಾರದ ಶೇಕಡಾ ಪ್ರಮಾಣವನ್ನು ಪ್ರತಿ ಬ್ಯಾಚಿಗೂ ಅಳೆದ ಪ್ರಮಾಣಪತ್ರ, ಸೀಸ ಮತ್ತು ಕೀಟನಾಶಕಗಳ ಶೇಷದ ಪರೀಕ್ಷೆ, ಎಲೆ ಅಥವಾ ಬೇರು ಬಂದ ಊರಿನ ದಾಖಲೆ, ಕಾಡಿನ ಮೂಲಿಕೆಯಾದರೆ ಜೀವವೈವಿಧ್ಯ ಮಂಡಳಿಯೊಡನೆ ಆದ ಪತ್ರವ್ಯವಹಾರ, ಇವಿಷ್ಟನ್ನು ಕಡತದಲ್ಲಿಟ್ಟವನ ಸರಕನ್ನು ವಿದೇಶೀ ಖರೀದಿದಾರನೂ ಔಷಧ ಕಂಪನಿಯೂ ವಿಶ್ವಾಸದಿಂದ ಕೊಳ್ಳುತ್ತಾರೆ. ಹಳೆಯ ಲೇಬಲ್ಲುಗಳ ದಾಸ್ತಾನು ಗೋದಾಮಿನಲ್ಲಿ ಉಳಿದಿದ್ದರೆ, ಮುಂದಿನ ಸರಕು ಹೊರಡುವ ಮುನ್ನವೇ ಅದನ್ನು ಎಣಿಸಿ, ವಜಾ ಮಾಡಿ, ಬರೆದುಹಾಕುವುದು ಲೇಸು.