ಹಗ್ಗವೋ ಲಿಫ್ಟೋ ಅನ್ನೋ ಸುಳ್ಳು ಜಗಳ

ಮಳೆ ಹಿಡಿಯೋ ಮುಂಚೆ ಶನಿವಾರಸಂತೆ ಸುತ್ತಿನ ಕಾಫಿ ತೋಟಗಳಲ್ಲಿ ಮರಗಸಿ ಶುರುವಾಗುತ್ತೆ. ಜೊತೆಗೆ ಒಂದು ಉಪದೇಶವೂ: "ಇನ್ನೂ ಎಷ್ಟು ದಿನ ಆಳು ಹತ್ತಿಸ್ತೀರಿ? ಬಕೆಟ್ ಲಿಫ್ಟ್ ತರಿಸಿ."

ಸ್ವಾಮಿ, ಎಲ್ಲಿಗೆ ತರಿಸೋದು? ಅರೇಬಿಕಾ ಗಿಡದಿಂದ ಗಿಡಕ್ಕೆ ಐದಾರು ಅಡಿ. ನೆಲವೋ ಇಳಿಜಾರು. ಲಿಫ್ಟ್‌ಗೆ ಬೇಕಾದ್ದು ಸಮತಟ್ಟಾದ ಗಟ್ಟಿ ಜಾಗ. ಅದನ್ನು ತೋಟದೊಳಗೆ ನುಗ್ಗಿಸಿದರೆ ನೆರಳು ಕಡಿಯೋ ಮೊದಲು ಕಾಫಿಯನ್ನೇ ಕಡಿಯಬೇಕು. ರಸ್ತೆ ಬದಿಯ ಮರಕ್ಕೆ, ಮನುಷ್ಯನ ಭಾರ ತಡೆಯದ ಒಣಮರಕ್ಕೆ ಲಿಫ್ಟೇ ಸರಿ. ಅಲ್ಲಿ ಬಾಡಿಗೆ ಉಳಿಸೋಕೆ ಆಳು ಹತ್ತಿಸೋದು ಅನ್ಯಾಯ.

ಆದರೆ "ನಮ್ಮವರು ಹುಟ್ಟಾ ಮರ ಹತ್ತೋರು, ಏನೂ ಆಗಲ್ಲ" ಅನ್ನೋರ ಮಾತು ಇನ್ನೂ ಕೆಟ್ಟದ್ದು. ಕೆಳಗಿನ ಕಾಫಿ ಗಿಡ ಮುರಿಯಬಾರದು ಅಂತ ಕೊಂಬೆಗೆ ಹಗ್ಗ ಕಟ್ಟಿ ಇಳಿಸ್ತೀವಿ. ಸಿಲ್ವರ್ ಓಕ್ ನೆತ್ತಿಯಲ್ಲಿ ಕತ್ತಿ ಹಿಡಿದು ನಿಂತವನಿಗೆ? ಅವನಿಗೆ ಹಗ್ಗ ಇಲ್ಲ!

ಬ್ರಿಟನ್ನಿನ 2005ರ ನಿಯಮ ಮೊದಲು ಕೇಳೋದೇ ಇದು: ಹತ್ತದೇ ಕೆಲಸ ಆಗುತ್ತಾ? ಆಗದಿದ್ದರೆ ಬೀಳದ ಹಾಗೆ ಏನು ಮಾಡ್ತೀರಿ? ನಮ್ಮಲ್ಲಿ ಈ ಎರಡೂ ಪ್ರಶ್ನೆ ಬಿಟ್ಟು ಹಗ್ಗವೋ ಯಂತ್ರವೋ ಅಂತ ಜಗಳ.

ಬೇಕಾದ್ದು ಸೊಂಟ-ತೊಡೆ ಹಿಡಿಯೋ ಬೆಲ್ಟು, ಕತ್ತಿ ಆಡಿಸುವಾಗ ಎರಡು ಕಡೆ ಬಿಗಿತ, ಹೆಲ್ಮೆಟ್ಟು, ಸಿಕ್ಕಿಕೊಂಡವನನ್ನು ಇಳಿಸಬಲ್ಲ ಇನ್ನೊಬ್ಬ. ತಂತಿ ಹತ್ತಿರ ಇದ್ದರೆ ಅಲ್ಯೂಮಿನಿಯಂ ಏಣಿ ಮುಟ್ಟಲೇಬಾರದು. ಕರೆಂಟು ತೆಗೆಸಿದ ಮೇಲೇ ಕೆಲಸ.

ಖರ್ಚು ಯಾರದ್ದು? ಮಾಲೀಕರದ್ದೇ. ಗುತ್ತಿಗೆಗೆ ಕೊಟ್ಟೆ ಅಂದರೆ ಕೈ ತೊಳೆದುಕೊಂಡ ಹಾಗಲ್ಲ. ಸತ್ತವನ ಮನೆಗೆ ಪರಿಹಾರ ಕೊಡೋ ಕಾಯ್ದೆ 1923ರಲ್ಲೇ ಬಂತು. ಸಾಯದ ಹಾಗೆ ನೋಡಿಕೊಳ್ಳೋಕೆ ಇನ್ನೂ ಯಾವ ಕಾಯ್ದೆ ಕಾಯಬೇಕು? ಕೊಂಬೆಗೆ ಕಟ್ಟೋ ಮೊದಲು ಮನುಷ್ಯನಿಗೆ ಹಗ್ಗ ಕಟ್ಟಿ.